ಬಕೆಟ್ಟಿನಲ್ಲಿ ಹಿನ್ನೀರು

ಹಗರಿಬೊಮ್ಮನಹಳ್ಳಿಯ ನನ್ನ ಲೈಟಿನ ಅಂಗಡಿಗೆ ತಂಬ್ರಹಳ್ಳಿ ಕಡೆಯ ದುರುಗಮ್ಮ ಬಂದಳು. ಅಣೆಕಟ್ಟಿನ ಹಿನ್ನೀರಿನಲ್ಲಿ ರಾತ್ರಿ ತೆಪ್ಪ ಹಾಕಿ ಮೀನು ಹಿಡಿಯುವವಳು. ನೀರೊಳಗಿನ ಜಾಲಿ ಮರದ ಬೊಡ್ಡೆ ಕಾಣದೆ ಒಮ್ಮೆ ತೆಪ್ಪದ ತಳ ಹರಿದು, ಜೀವ ಉಳಿದದ್ದೇ ಹೆಚ್ಚಾಗಿತ್ತು. ನಾನು ಅತಿ ಪ್ರಖರವಾದ ಬಿಳಿ ಲೈಟು ತೋರಿಸಿದೆ.

"ಅಣ್ಣಾರ, ಒಂದು ಬಕೆಟ್ ನೀರು ಕೊಡ್ರಿ."

ಅದಕ್ಕೆ ತಾನೇ ಕಟ್ಟಿಕೊಂಡು ತಂದಿದ್ದ ಹಿನ್ನೀರಿನ ಮಣ್ಣು ಕಲಸಿ, ಗೋದಾಮಿನ ಕತ್ತಲಲ್ಲಿಟ್ಟು, ನನ್ನ ಬೀಗದ ಕೈಯನ್ನೇ ಒಳಗೆ ಬಿಟ್ಟಳು. ಬಿಳಿ ಬೆಳಕಿಗೆ ನೀರು ಹಾಲಿನಂತೆ ಹೊಳೆಯಿತೇ ಹೊರತು ಕೀಲಿ ಕಾಣಲಿಲ್ಲ. ಹಳೆಯ ಹಳದಿ ಲೈಟಿಗೆ ಕಂಡಿತು.

"ನಿಮ್ಮ ಬಿಳಿ ಲೈಟು ತನ್ನ ಮುಖಾನ ತಾನ ತೋರಿಸ್ಕೊಂತೈತ್ರಿ!"

ಹಳದಿ ಲೈಟನ್ನೇ ಕೊಂಡು ಹೋದಳು; ಆಮೇಲೆ ಅವಳ ತೆಪ್ಪ ಹರಿದಿಲ್ಲ. ಈಗ ಮೀನಿನವರು ಬಂದರೆ ನಾನು ಲೈಟು ಎಷ್ಟು ವಾಟಿನದೆಂಬ ಮಾತೆತ್ತದೆ, ಹೆಮ್ಮೆಯಿಂದ ಬಕೆಟ್ ತರುತ್ತೇನೆ. ಮಣ್ಣನ್ನು ಮಾತ್ರ ದುರುಗಮ್ಮನೇ ತಂದುಕೊಡುತ್ತಾಳೆ. ಅಂಗಡಿ ಮುಂದಿನ ಮಣ್ಣನ್ನು ಅವಳಿನ್ನೂ ನಂಬುವುದಿಲ್ಲ.