ಎದುರಂಗಡಿಗೆ ಹೋದ ಪಾರ್ಸಲ್ಲು

ಹಿರೇಕೆರೂರಿನ ಪೇಟೆಯಲ್ಲಿ ನಮ್ಮದು ಅಪ್ಪನ ಕಾಲದಿಂದಲೂ ಬಟ್ಟೆ ಅಂಗಡಿ. ಸೀರೆ, ಧೋತರ, ಕುಬಸದ ಖಣ, ಶಾಲೆ ಮಕ್ಕಳ ಸಮವಸ್ತ್ರದ ಅರಿವೆ. ಮನೆ ಅಂಗಡಿಯ ಹಿಂದೆಯೇ. ರಸ್ತೆಯ ಆಚೆ, ನಮಗೆ ಎದುರಾಗಿ, ಇನ್ನೊಂದು ಬಟ್ಟೆ ಅಂಗಡಿ. ಅದರ ಸಾಹುಕಾರರು ಸವಣೂರು ಕಡೆಯಿಂದ ಬಂದು ನೆಲೆಸಿದವರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಅವರಿಗೂ ನನಗೂ ಹದಿನೈದು ವರ್ಷ ಮಾತಿರಲಿಲ್ಲ. ತಪ್ಪು ನನ್ನದೇ. ಒಂದು ಸಂತೆಯ ದಿನ, ಅವರಲ್ಲಿ ಸೀರೆ ನೋಡಿ ನನ್ನಲ್ಲಿಗೆ ಬಂದ ಹೆಣ್ಣುಮಗಳೊಬ್ಬಳಿಗೆ ಅಲ್ಲಿಯ ಅರಿವೆ ಬಣ್ಣ ಬಿಡುತ್ತದೆ ಎಂದು ಹೇಳಿದ್ದೆ. ಅದು ಸುಳ್ಳು. ಸಂಜೆಯೊಳಗೆ ಮಾತು ರಸ್ತೆ ದಾಟಿತ್ತು. ಅವರು ಜಗಳಕ್ಕೆ ಬರಲಿಲ್ಲ. ಮರುದಿನದಿಂದ ಬಾಗಿಲು ತೆಗೆಯುವಾಗ ನನ್ನ ಕಡೆ ನೋಡುವುದನ್ನು ಬಿಟ್ಟರು, ಅಷ್ಟೆ.

ಆಮೇಲೆ ಎಲ್ಲರ ಕೈಗೂ ಫೋನು ಬಂತು. ಗೋವಿನಜೋಳದ ಸುಗ್ಗಿ ಮುಗಿದ ಮೇಲೆ ಮನೆಮಂದಿಯೆಲ್ಲ ಬಂದು ಗಾದಿಯ ಮೇಲೆ ಕೂತು ಬಟ್ಟೆ ಆರಿಸುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು. ಪೇಟೆಯಲ್ಲಿ ದೊಡ್ಡ ಚೀಲ ಹೊತ್ತ ಪಾರ್ಸಲ್ ಬೈಕುಗಳು ಓಡಾಡತೊಡಗಿದವು. ಮುಟ್ಟಿ ನೋಡದೆ ಅರಿವೆ ಕೊಳ್ಳುವವರನ್ನು ನಾನು ಬಂದ ಗಿರಾಕಿಗಳ ಮುಂದೆಲ್ಲ ಆಡಿಕೊಳ್ಳುತ್ತಿದ್ದೆ. ವ್ಯಾಪಾರಸ್ಥರ ಸಭೆಯೊಂದರಲ್ಲಿ ಎದ್ದು ನಿಂತು, ಊರಿನವರು ಊರಿನ ಅಂಗಡಿಯಲ್ಲೇ ಕೊಳ್ಳಬೇಕು, ಮೊದಲು ನಮ್ಮ ನಮ್ಮ ಮನೆಗಳಿಂದ ಇದು ಶುರುವಾಗಬೇಕು ಎಂದು ಮಾತಾಡಿದ್ದೂ ಉಂಟು. ಎದುರಂಗಡಿಯವರು ಕೊನೆಯ ಸಾಲಿನಲ್ಲಿ ಕೂತು ಕೇಳಿದ್ದರು.

ಅದಾಗಿ ತಿಂಗಳೊಪ್ಪತ್ತಿನಲ್ಲಿ ಒಂದು ಮಧ್ಯಾಹ್ನ ಅವರು ರಸ್ತೆ ದಾಟಿ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದರು. ನಾನು ಎದ್ದು ನಿಂತೆ. ಅವರು ಟವೆಲಿನ ಕೆಳಗೆ ಏನನ್ನೋ ಮುಚ್ಚಿ ಹಿಡಿದಿದ್ದರು. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು ಅದನ್ನು ನನ್ನ ಮುಂದಿಟ್ಟರು. ಪಾರ್ಸಲ್ಲು. ಮೇಲೆ ನನ್ನ ಹೆಂಡತಿಯ ಹೆಸರು, ಬಟ್ಟೆ ಅಂಗಡಿಯ ಹಿಂದಿನ ಮನೆ ಎಂಬ ವಿಳಾಸ, ಒಳಗಿರುವುದು ಸೀರೆ ಎಂಬ ಚೀಟಿ.

“ಪಾರ್ಸಲ್ಲಿನವ ಹೊಸಬ ಅದಾನ್ರಿ. ತಪ್ಪಿ ನಮ್ಮಲ್ಲಿ ಕೊಟ್ಟು ಹೋದ,” ಎಂದರು. “ಯಾರೂ ನೋಡಿಲ್ಲ.”

ಸಭೆಯಲ್ಲಿ ನಾನು ಆಡಿದ ಮಾತು ಇಬ್ಬರಿಗೂ ನೆನಪಿತ್ತು. ನನ್ನ ಮುಖ ಬಿಸಿಯಾಯಿತು. ಅವರು ಅದನ್ನು ನೋಡಿ, ಗಾದಿಯ ಅಂಚಿಗೆ ಕೂತು, ತಮ್ಮ ಮನೆಗೂ ಬರುತ್ತವೆ, ಸೊಸೆ ತರಿಸುತ್ತಾಳೆ, ತಾವು ನೋಡಿಯೂ ನೋಡದಂತೆ ಇರುತ್ತೇವೆ ಎಂದು ಮೆಲ್ಲಗೆ ಹೇಳಿದರು. ನಾನು ಚಹಾ ತರಿಸಿದೆ. ಕಪ್ಪು ಅವರ ಕೈಗೆ ಕೊಡುವಾಗ, ಹದಿನೈದು ವರ್ಷ ಹೇಳದೆ ಇಟ್ಟುಕೊಂಡದ್ದನ್ನು ಹೇಳಿಬಿಟ್ಟೆ.

“ಆವಾಗ ಬಣ್ಣದ ಮಾತು ನಾ ಸುಳ್ಳ ಹೇಳಿದ್ದೆರಿ.”

“ಗೊತ್ತೈತ್ರಿ,” ಎಂದರು. “ನೀವ ಬಂದು ಹೇಳ್ತೀರಂತ ಒಂದೆರಡು ವರ್ಷ ಕಾದೆ. ಆಮ್ಯಾಲ ಕಾಯೋದು ಬಿಟ್ಟೆ.”

ಅವರು ಹೋದ ಮೇಲೆ ಅಂಗಡಿಯ ಬಾಗಿಲು ಅರ್ಧ ಎಳೆದು ಮನೆಗೆ ಹೋದೆ. ಪಾರ್ಸಲ್ಲನ್ನು ಹೆಂಡತಿಯ ಮುಂದೆ ಇಟ್ಟು, ಮನೆತುಂಬ ಸೀರೆ ಇರುವಾಗ ಇದು ಯಾಕೆ ಎಂದು ಸಿಟ್ಟಿನಲ್ಲೇ ಕೇಳಿದೆ. ಆಕೆ ಒಲೆ ಆರಿಸಿ, ಕೈ ಒರೆಸಿಕೊಂಡು ಬಂದಳು.

“ಮಾರಾಟ ಆಗದ್ದನ್ನ ಮನಿಗೆ ತರ್ತೀರಿ. ಮದುವಿ ಆದಾಗಿಂದ ಅದನ್ನ ಉಟ್ಟೇನಿ. ನಿನಗ ಯಾವುದು ಬೇಕು ಅಂತ ಒಂದಿನ ಕೇಳೀರೇನು?”

ಪಾರ್ಸಲ್ಲನ್ನು ನನ್ನ ಎದುರಿಗೇ ಒಡೆದಳು. ಬದನೆಕಾಯಿ ಬಣ್ಣದ ಸೀರೆ, ಸಣ್ಣ ಅಂಚು. ಆ ಬಣ್ಣ ನಮ್ಮ ಕಡೆ ಓಡುವುದಿಲ್ಲ ಎಂದು ನಾನು ತರಿಸುತ್ತಲೇ ಇರಲಿಲ್ಲ. ರೂಢಿಯಂತೆ ಸೆರಗನ್ನು ಬೆರಳ ನಡುವೆ ತಿಕ್ಕಿ ನೋಡಿ, ನೂಲು ತೆಳು, ನಾಲ್ಕು ಒಗೆತಕ್ಕೆ ಜಗ್ಗುತ್ತದೆ ಎಂದೆ.

“ಜಗ್ಗಲಿ. ನಾಕು ದಿನ ಫೋನ್ ಹಿಡಕೊಂಡು ಕುಂತು, ಮನಸ್ಸಿಗೆ ಬರೂತನಕ ನೋಡಿ ಆರಿಸೇನಿ. ಇನ್ನೆಷ್ಟ ತೆಗಸ್ತೀರಿ ಅಂತ ಯಾರೂ ಅನ್ನಲಿಲ್ಲ.”

ಆ ಮಾತು ನನ್ನದು. ನಾನು ದಿನಾ ಗಿರಾಕಿಗಳಿಗೆ ಅನ್ನುತ್ತಿದ್ದದ್ದು. ದೂರದ ಹಳ್ಳಿಗಳಿಂದ ಎರಡು ಬಸ್ಸು ಬದಲಿಸಿ ಬಂದ ಹೆಣ್ಣುಮಕ್ಕಳು ಹತ್ತನೆಯ ಸೀರೆ ಬಿಚ್ಚಿಸುವ ಹೊತ್ತಿಗೆ ನಾನು ಬೇಸರದ ಉಸಿರುಬಿಡಲು ಶುರುಮಾಡುತ್ತಿದ್ದೆ. ಅವರು ಮುಜುಗರಪಟ್ಟು ಮೇಲಿದ್ದ ಒಂದನ್ನು ಎತ್ತಿಕೊಳ್ಳುತ್ತಿದ್ದರು. ಕಣ್ಣು ಮಾತ್ರ ಕಪಾಟಿನಲ್ಲಿ ಇನ್ನಾವುದರ ಮೇಲೋ ಇರುತ್ತಿತ್ತು. ಅದನ್ನೇ ನಾನು ವ್ಯಾಪಾರದ ಜಾಣತನ ಎಂದುಕೊಂಡಿದ್ದೆ. ನನ್ನ ಗಿರಾಕಿಗಳನ್ನು ಫೋನು ಕಸಿದುಕೊಂಡಿತು ಎಂದು ಊರೆಲ್ಲ ಹೇಳುತ್ತ ತಿರುಗಿದೆ. ಅವರಲ್ಲಿ ಎಷ್ಟು ಮಂದಿ ನನ್ನ ಮುಖ ನೋಡುವುದು ತಪ್ಪಿದರೆ ಸಾಕು ಎಂದು ಹೋಗಿರಬಹುದು ಎಂಬುದು ಅಂದು ಮೊದಲ ಸಲ ಹೊಳೆಯಿತು.

ಮುಂದಿನ ಸಲ ಹುಬ್ಬಳ್ಳಿಗೆ ಮಾಲು ತರಲು ಹೋಗುವಾಗ, ನೀನೂ ಬಾ ಎಂದೆ. ಬಂದಳು. ಅವಳು ಆರಿಸಿದ್ದೆಲ್ಲ ಮಾರಿಹೋಯಿತು ಎಂದಲ್ಲ. ಗಿಳಿಹಸಿರಿನ ಒಂದು ಕಟ್ಟು ಇವತ್ತಿಗೂ ಕಪಾಟಿನಲ್ಲಿದೆ. ಆದರೆ ಮಧ್ಯಾಹ್ನ ಅಂಗಡಿಯಲ್ಲಿ ಕೂತು ಸೀರೆಗಳ ಫೋಟೋ ತೆಗೆದು ಪರಿಚಯದ ಹೆಂಗಸರಿಗೆ ಕಳಿಸತೊಡಗಿದಳು. ಅಕ್ಕಿಆಲೂರಿನಿಂದ ಇಬ್ಬರು ಶಿಕ್ಷಕಿಯರು ಫೋಟೋ ತೋರಿಸುತ್ತ, ಇದೇ ಬೇಕು ಎಂದು ಬಂದರು. ಬಂದವರು ಅವಳ ಜೊತೆ ಮಾತಾಡಿದರು. ನಾನು ಕಪಾಟಿನಿಂದ ತೆಗೆದು ಕೊಡುವ, ಮಡಚುವ ಕೆಲಸಕ್ಕೆ ನಿಂತೆ.

ಕಳೆದ ವರ್ಷ ಎದುರಂಗಡಿಯವರು ತಮ್ಮ ಅಂಗಡಿಯ ಮುಂಭಾಗವನ್ನು ಪಾರ್ಸಲ್ ಕಂಪನಿಯವರಿಗೆ, ಪಾರ್ಸಲ್ ಇಟ್ಟು ಹಂಚಲು, ಬಾಡಿಗೆಗೆ ಕೊಟ್ಟರು. ಕೊಡುವ ಮೊದಲು ನನ್ನನ್ನು ಕೇಳಿದರು. ಮೊದಲಾಗಿದ್ದರೆ ನಾನು ಸಭೆ ಕರೆಯುತ್ತಿದ್ದೆನೇನೋ. ಕೊಡ್ರಿ ಎಂದೆ. ಈಗ ಅಲ್ಲಿ ಪಾರ್ಸಲ್ ತೆಗೆದುಕೊಂಡ ಹೆಂಗಸರು ಕೆಲವರು ಅದನ್ನು ಅಲ್ಲೇ ಒಡೆದು, ಕುಬಸದ ಅರಿವೆಗೆ, ಸೀರೆಯ ಅಂಚಿಗೆ ಹೊಲಿಯುವ ಫಾಲಿಗೆ ನಮ್ಮಲ್ಲಿಗೆ ಬರುತ್ತಾರೆ. ಬಣ್ಣ ಹೊಂದಿಸುವುದಕ್ಕೆ ಮಾತ್ರ ಇನ್ನೂ ಹಗಲ ಬೆಳಕೇ ಬೇಕು. ನನ್ನ ಹೆಂಡತಿ ಅವರನ್ನು ಬಾಗಿಲಿನ ಬಿಸಿಲಿಗೆ ಕರೆದುಕೊಂಡು ಹೋಗಿ ಒಂದೊಂದೇ ಖಣ ಹಿಡಿದು ನೋಡುತ್ತಾಳೆ.

ಅಪ್ಪನ ಕಾಲದ ವ್ಯಾಪಾರ ಮರಳಿ ಬಂದಿಲ್ಲ, ಬರುವ ಹಾಗೂ ಕಾಣುವುದಿಲ್ಲ. ಈ ಅಂಗಡಿ ಇನ್ನೆಷ್ಟು ವರ್ಷ ನಡೆಯುತ್ತದೋ ನನಗೆ ಗೊತ್ತಿಲ್ಲ. ಮೊನ್ನೆ ಒಬ್ಬ ತಾಯಿ ಮಗಳ ಮದುವೆಗೆಂದು ಎರಡು ತಾಸು ಕೂತು, ಇದ್ದಬದ್ದ ರೇಷ್ಮೆಯನ್ನೆಲ್ಲ ಬಿಚ್ಚಿಸಿ, ಮಗಳನ್ನು ಕೇಳಿ ಬರುತ್ತೇನೆ ಎಂದು ಎದ್ದರು. ನಾನು ನೀರು ಕೊಟ್ಟು, ಮಗಳನ್ನೂ ಕರ್ಕೊಂಡು ಬರ್ರಿ, ಆಕಿನೇ ಆರಿಸಲಿ ಎಂದೆ.