ಅತ್ತೆಯ ಕೋಣೆಯ ದೊಡ್ಡ ಗಿಟಾರು

ಹೋದ ವಾರ ಗಿಟಾರಿನ ಹಳೆಯ ತಂತಿ ಬಿಚ್ಚಿ ಹೊಸವನ್ನು ಹಾಕುತ್ತಿದ್ದೆ. ನಡುವಿನ ದುಂಡು ತೂತಿನೊಳಗಿನ ಧೂಳು ಒರೆಸೋಣವೆಂದು ಮುಖ ಹತ್ತಿರ ಒಯ್ದೆ. ಒಳಗಿನಿಂದ ಎಣ್ಣೆಯ ವಾಸನೆ ಬಂತು. ಕರ್ಪೂರ, ಬೆಳ್ಳುಳ್ಳಿ, ಇನ್ನೂ ಏನೇನೋ ಬೇರು ಹಾಕಿ ಕಾಯಿಸಿದ ಎಣ್ಣೆ. ಲಕ್ವಾ ಹೊಡೆದ ಕೈಕಾಲಿಗೆ ತಿಕ್ಕುವಂಥದ್ದು. ಹೊಸ ಗಿಟಾರಿಗೆ ಮರದ ವಾಸನೆ, ಅಂಟಿನ ವಾಸನೆ ಇರಬೇಕು. ನನ್ನದು ಆ ವಾಸನೆ ಕಳೆಯುವ ಮೊದಲೇ ಈ ವಾಸನೆಯನ್ನು ಹೀರಿಕೊಂಡಿತ್ತು. ಒಂದು ವರ್ಷಕ್ಕೂ ಮಿಕ್ಕಿ ಅದು ನಮ್ಮ ಅತ್ತೆಯ ಕೋಣೆಯಲ್ಲಿ, ಅವರ ಮಂಚದ ತಲೆದೆಸೆಗೆ ಇತ್ತು. ನಾನೂ ಅಲ್ಲೇ ಇದ್ದೆ...

ಅತ್ತೆ ಮಾತಿನ ಹೆಂಗಸು. ಹಳೆ ಬಾಗಲಕೋಟೆಯ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ನವನಗರಕ್ಕೆ ಬಂದವರು. ಬಂದ ಹೊಸತರಲ್ಲಿ ಅಕ್ಕಪಕ್ಕ ಯಾರ ಗುರುತೂ ಇಲ್ಲದೆ, ಗೇಟಿನ ಬಳಿ ನಿಂತು ಹೋಗಿಬರುವವರನ್ನೆಲ್ಲ ಮಾತಾಡಿಸಿಯೇ ಒಂದು ಓಣಿ ಕಟ್ಟಿಕೊಂಡರಂತೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಎಲ್ಲರ ಮನೆಯ ಸುದ್ದಿಯೂ ಮೊದಲು ನಮ್ಮ ಕಟ್ಟೆಗೆ ಬಂದು ಮುಂದೆ ಹೋಗುತ್ತಿತ್ತು. ನಾನು ಒಂದು ಖಾಸಗಿ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದೆ. ಶಾಲೆಯ ಸಣ್ಣ ಗಿಟಾರನ್ನು ಸಂಜೆ ಮನೆಗೆ ತಂದು ಬಾರಿಸಿದರೆ ಅತ್ತೆಗೆ ಅಷ್ಟು ಸೇರುತ್ತಿರಲಿಲ್ಲ, ಅವರಿಗೆ ಹಾರ್ಮೋನಿಯಮ್ಮೇ ಆಗಬೇಕು.

"ಪೇಟಿ ಬಾರಿಸ ನೀ. ಪೇಟಿ ಇದ್ರ ನಾಕ ಮಂದಿ ಕುಂತ ಭಜನಿ ಮಾಡ್ತಾರ. ಇದೇನ ಸೊಳ್ಳಿ ಗುಂಯ್ ಅಂದಂಗ" ಅನ್ನುತ್ತಿದ್ದರು.

ನಮ್ಮ ಶಾಲೆಯಲ್ಲೇ ಇದ್ದ ತಬಲಾ ಮಾಸ್ತರರು ಬಾದಾಮಿಯ ಹೊಸ ಹೋಟೆಲೊಂದರವರ ಜೊತೆ ಮಾತಾಡಿ ಬಂದದ್ದು ಆಗಲೇ. ಶನಿವಾರ ಸಂಜೆ ಪ್ರವಾಸಿಗರಿಗಾಗಿ ಅಂಗಳದಲ್ಲಿ ಹಾಡು. ಅವರ ತಬಲಾ, ಅವರ ತಮ್ಮನ ಕೊಳಲು, ನನ್ನ ಗಿಟಾರು ಮತ್ತು ಹಾಡು. ಶಾಲೆಯ ಸಣ್ಣ ಗಿಟಾರಿನ ದನಿ ತಬಲಾದ ಮುಂದೆ ಏಳುವುದಿಲ್ಲವೆಂದು ಅವರೇ ಹೇಳಿದರು. ಒಡಲು ದೊಡ್ಡದಿರುವ ಜಾತಿಯದು, ಜಂಬೋ ಅನ್ನುತ್ತಾರಲ್ಲ, ಅದನ್ನು ಹುಬ್ಬಳ್ಳಿಯ ಅಂಗಡಿಗೆ ಹೇಳಿ ತರಿಸುವುದೆಂದಾಯಿತು. ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದಾಗ ಅತ್ತೆ ಕನ್ನಡಕ ಏರಿಸಿ ನೋಡಿದರು.

"ಇದು ಬಾರ್ಸೂದೋ, ಇದರಾಗ ಜ್ವಾಳಾ ತುಂಬೂದೋ?"

ಅವರು ನನ್ನ ಜೊತೆ ಪೂರ್ತಿಯಾಗಿ ಆಡಿದ ಮಾತುಗಳಲ್ಲಿ ಅದೇ ಕೊನೆಯದಿರಬೇಕು. ನೆನಪು ಮಾಡಿಕೊಂಡರೆ ಅದರ ಆಚೆ ಬೇರೆ ಯಾವುದೂ ಸಿಗುವುದಿಲ್ಲ.

ಅದಾಗಿ ಕೆಲವೇ ದಿನಗಳಲ್ಲಿ, ಬೆಳಿಗ್ಗೆ ನಾನು ಶಾಲೆಗೂ ನಮ್ಮ ಯಜಮಾನರು ಕೆಲಸಕ್ಕೂ ಹೋದ ಮೇಲೆ, ಅತ್ತೆ ಅಡುಗೆಮನೆಯಲ್ಲಿ ಬಿದ್ದರು. ಯಜಮಾನರದು ಬೀಜ ಗೊಬ್ಬರದ ಕಂಪನಿಯ ಕೆಲಸ. ಹುನಗುಂದ, ಇಳಕಲ್ಲ ಕಡೆಯ ಅಂಗಡಿಗಳನ್ನು ತಿರುಗಿ ರಾತ್ರಿಗೆ ಮನೆ ಸೇರುತ್ತಾರೆ. ಶಾಲೆ ಬಿಟ್ಟು ನಾನು ಬಾಗಿಲು ನೂಕಿದಾಗ ಅತ್ತೆ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದರು. ಎಚ್ಚರವಿತ್ತು. ಕಣ್ಣು ಬಾಗಿಲ ಕಡೆಗೇ ಇತ್ತು. ಅಷ್ಟೂ ಹೊತ್ತು ಅವರು ಆ ಬಾಗಿಲನ್ನು ನೋಡುತ್ತ ಮಲಗಿದ್ದರು.

ದವಾಖಾನೆಯಿಂದ ಮನೆಗೆ ಕರೆತಂದಾಗ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೋಗಿತ್ತು. ಉಳಿದದ್ದು ಒಂದೇ ಮಾತು: "ಬ್ಯಾಡ." ನೀರು ಬೇಕಾದರೂ ಬ್ಯಾಡ, ನೀರು ಸಾಕಾದರೂ ಬ್ಯಾಡ. ಮಗನನ್ನು ಕರೆಯುವುದೂ ಬ್ಯಾಡ ಎಂದೇ. ಅವರಿಗೆ ಒಳಗೆ ಎಲ್ಲ ತಿಳಿಯುತ್ತಿತ್ತು. ಹೇಳಬೇಕಾದದ್ದು ಬಾಯಿಗೆ ಬರುವಷ್ಟರಲ್ಲಿ ಅದೊಂದೇ ಆಗಿಬಿಡುತ್ತಿತ್ತು. ಮೊದಮೊದಲು ತಾವೇ ಅದನ್ನು ಕೇಳಿ ಗಾಬರಿಯಾಗಿ ಎಡಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು...

"ಸಾಲಿ ಬಿಡು ಅಂತ ನಾ ಹೇಳೂದಿಲ್ಲ. ಆದ್ರ ಅವ್ವನ್ನ ಯಾರ ನೋಡ್ಕೊಬೇಕು?" ಎಂದರು ಯಜಮಾನರು. ಉತ್ತರ ಇಬ್ಬರಿಗೂ ಗೊತ್ತಿತ್ತು. ಶಾಲೆ ಬಿಟ್ಟೆ.

ಆ ಕೋಣೆ ದೊಡ್ಡದಲ್ಲ. ಮಂಚ, ಕಪಾಟು, ಒಂದು ಸ್ಟೂಲು, ಒಂದು ಪ್ಲಾಸ್ಟಿಕ್ ಕುರ್ಚಿ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಬೆಳಿಗ್ಗೆ ಮೈ ಒರೆಸಿ, ಎಣ್ಣೆ ತಿಕ್ಕಿ, ಗಂಜಿ ಕುಡಿಸಿ, ಮಗ್ಗುಲು ಬದಲಿಸಿ, ಬಟ್ಟೆ ಒಗೆದು ಬರುವಷ್ಟರಲ್ಲಿ ಮತ್ತೆ ಮಗ್ಗುಲು ಬದಲಿಸುವ ಹೊತ್ತು. ತರಕಾರಿ ತರಲು ಹೋದರೂ ಓಡುತ್ತ ಬರುವುದು. ಯಜಮಾನರು ಹೆಲ್ಮೆಟ್ ಹಾಕಿಕೊಂಡು ಗಾಡಿ ಹೊರಗೆ ತೆಗೆಯುವಾಗ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವರ ಮೇಲೆ ಸಿಟ್ಟಿರಲಿಲ್ಲ. ಅವರಿಗೆ ಹೋಗಲು ಒಂದು ದಾರಿ ಇದೆಯಲ್ಲ ಎಂದು ಮಾತ್ರ ಅನಿಸುತ್ತಿತ್ತು. ಅತ್ತೆಯೂ ಹಾಸಿಗೆಯಿಂದ ಕುತ್ತಿಗೆ ಎತ್ತಿ ಆ ಗಾಡಿಯ ಸದ್ದು ತಿರುವಿನಲ್ಲಿ ಮುಗಿಯುವವರೆಗೂ ಕೇಳುತ್ತಿದ್ದರು.

ಗಿಟಾರು ಆ ಗದ್ದಲದಲ್ಲೇ ಬಸ್ಸಿನ ಪಾರ್ಸಲ್ಲಿನಲ್ಲಿ ಬಂದಿತ್ತು. ರಟ್ಟಿನ ಡಬ್ಬಿ ಬಿಚ್ಚದೆ ಕಪಾಟಿನ ಮಗ್ಗುಲಿಗೆ ಆನಿಸಿದ್ದೆವು. ಒಂದು ಮಧ್ಯಾಹ್ನ, ಅತ್ತೆ ಕಣ್ಣು ಮುಚ್ಚಿ ಮಲಗಿದ್ದಾಗ, ಏನೋ ಬೇಗುದಿಯಲ್ಲಿ ಅದನ್ನು ಹರಿದು ತೆಗೆದೆ.

ಮೊದಲ ದಿನ ಅದು ನನ್ನ ಮಾತು ಕೇಳಲಿಲ್ಲ. ಮಂಚಕ್ಕೂ ಗೋಡೆಗೂ ನಡುವೆ ಕುರ್ಚಿ ಹಾಕಿ ಕೂತರೆ ಅದರ ಒಡಲು ನನ್ನನ್ನು ಗೋಡೆಗೆ ಒತ್ತಿ ಹಿಡಿಯಿತು. ಬಲಗೈ ಅದರ ಮೇಲಿಂದ ದಾಟಿ ತಂತಿ ಮುಟ್ಟುವಷ್ಟರಲ್ಲಿ ಹೆಗಲು ಕಿವಿಯ ತನಕ ಏಳುತ್ತಿತ್ತು. ಸ್ವಲ್ಪ ಹೊತ್ತಿಗೆ ಬೆರಳು ಜೋಮು ಹಿಡಿಯುತ್ತಿತ್ತು. ದಪ್ಪ ತಂತಿ ಮೀಟಿದೆ. ಸ್ಟೂಲಿನ ಮೇಲಿನ ಸ್ಟೀಲಿನ ಲೋಟ ಗಿಣಿಗಿಣಿ ಅಂದಿತು. ಅತ್ತೆ ಕಣ್ಣು ಬಿಟ್ಟರು.

"ಬ್ಯಾಡ."

ಸುಮ್ಮನೆ ಎದ್ದು ಅದನ್ನು ಡಬ್ಬಿಗೆ ತುಂಬತೊಡಗಿದೆ. ಅತ್ತೆ ಇನ್ನೂ ಜೋರಾಗಿ "ಬ್ಯಾಡ, ಬ್ಯಾಡ" ಎಂದು ಎಡಗೈಯನ್ನು ಆಚೆ ಚಾಚಿದರು. ಚಾಚಿದ್ದು ಲೋಟದ ಕಡೆಗೆ. ಅದನ್ನು ಎತ್ತಿ ನೆಲಕ್ಕಿಟ್ಟೆ. ಅತ್ತೆ ತಲೆಯನ್ನು ದಿಂಬಿಗೆ ಆನಿಸಿ ಗಿಟಾರನ್ನು ನೋಡಿದರು, ನನ್ನನ್ನು ನೋಡಿದರು. ಬಾರಿಸು ಎಂದು ಅರ್ಥ.

ಆಮೇಲೆ ದಿನವೂ ಮಧ್ಯಾಹ್ನ ಅದೇ ಕೆಲಸವಾಯಿತು. ಒಡಲನ್ನು ಎದೆಗೆ ಒತ್ತದೆ ಸ್ವಲ್ಪ ಓರೆ ಹಿಡಿದರೆ ಕೈಗೆ ಆರಾಮೆಂದು ತಿಳಿಯಿತು. ಕೂತು ಬಾರಿಸುವಾಗಲೂ ಹೆಗಲಿಗೆ ಪಟ್ಟಿ ಹಾಕಿಕೊಂಡರೆ ಜಾರುವುದಿಲ್ಲವೆಂದು ತಿಳಿಯಿತು. ಶಾಲೆಯ ಗಿಟಾರನ್ನು ಬಡಿದು ಬಡಿದು ದನಿ ಎಬ್ಬಿಸುವ ರೂಢಿ ನನ್ನದು. ಇದನ್ನು ಹಾಗೆ ಬಡಿದರೆ ಗೊಗ್ಗರು ದನಿ, ಯಾವ ಸ್ವರವೂ ಬಿಡಿಯಾಗಿ ಕೇಳುತ್ತಿರಲಿಲ್ಲ. ಮೆತ್ತಗೆ ಮೀಟಿ ಬಿಟ್ಟರೆ ತಾನಾಗಿ ತುಂಬಿ ಬರುತ್ತಿತ್ತು. ಅತ್ತೆ ಎಣ್ಣೆಯ ಕೈಯನ್ನೇ ಅದರ ಮೇಲೆ ಇಡುತ್ತಿದ್ದರು. ಒರೆಸುವುದನ್ನು ನಾನೂ ಬಿಟ್ಟೆ.

ಕೆಲವರಿಗೆ ಮಾತು ಬಾರದಿದ್ದರೂ ಹಾಡು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ನನಗೆ ಅದರ ಮೇಲೆ ಭಾರಿ ಆಸೆ. ಶ್ರಾವಣ ಸೋಮವಾರಕ್ಕೆ ಅತ್ತೆ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಹಾಡುತ್ತಿದ್ದ ಪದವನ್ನು ಹಿಡಿದೆ. ಎರಡನೆಯ ನುಡಿಗೆ ಅತ್ತೆಯ ಬಾಯಿ ಅಲುಗಿತು. ದನಿಯೂ ಬಂತು. ಏರಬೇಕಾದಲ್ಲಿ ಏರಿ, ಇಳಿಯಬೇಕಾದಲ್ಲಿ ಇಳಿದು, ಒಂದಿಷ್ಟೂ ಶ್ರುತಿ ತಪ್ಪದೆ, ಇಡೀ ಪದವನ್ನು ಹಾಡಿದರು. ಮಾತು ಮಾತ್ರ ಒಂದೇ. ಬ್ಯಾಡ ಬ್ಯಾಡ ಬ್ಯಾಡ... ಮುಗಿದ ಮೇಲೆ ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಅವರು ಮಾತ್ರ ನಕ್ಕರು, ಸೊಟ್ಟಗಾದ ಬಾಯಲ್ಲಿ, ಹೊಟ್ಟೆ ಕುಣಿಯುವ ಹಾಗೆ.

ತಬಲಾ ಮಾಸ್ತರರು ಇಷ್ಟು ದಿನ ನನಗಾಗಿ ಹೋಟೆಲಿನವರನ್ನು ತಡೆದಿಟ್ಟಿದ್ದರು. ಕೊನೆಗೆ ಒಂದು ಶನಿವಾರ ಗೊತ್ತಾಯಿತು. ಅತ್ತೆಯ ಬಳಿ ಇರಲು ಹುನಗುಂದದಿಂದ ನಮ್ಮ ನಾದಿನಿ ಬಂದರು. ನಾನು ಸೀರೆ ಉಟ್ಟು, ಗಿಟಾರಿನ ಚೀಲ ಹೆಗಲಿಗೇರಿಸಿ, ಹೇಳಿ ಹೋಗಲು ಮಂಚದ ಹತ್ತಿರ ಬಗ್ಗಿದೆ. ಅತ್ತೆ ಚೀಲದ ಪಟ್ಟಿಯನ್ನು ಹಿಡಿದುಕೊಂಡರು.

"ಬ್ಯಾಡ."

"ಅವ್ವ, ನಾ ಇಲ್ಲೇ ಅದೇನಿ. ವೈನಿನ್ನ ಬಿಡ ಯವ್ವಾ" ಎಂದರು ನಾದಿನಿ, ಅತ್ತಿಗೆಯಾದ ನನ್ನನ್ನು ತೋರಿಸಿ.

ಬಿಡಲಿಲ್ಲ. ಇದ್ದ ಒಂದೇ ಕೈಗೆ ಎಲ್ಲ ಬಲವೂ ಬಂದಿತ್ತು. ಹೊರಗೆ ಮಾಸ್ತರರ ಕಾರು ಹಾರ್ನು ಹೊಡೆಯಿತು, ಮತ್ತೆ ಹೊಡೆಯಿತು. ಕೊನೆಗೆ ಅವರೇ ಒಳಗೆ ಬಂದು ಬಾಗಿಲಲ್ಲಿ ನಿಂತರು. ಬಗ್ಗಿ ನಿಂತ ನನ್ನನ್ನೂ ಆ ಕೈಯನ್ನೂ ನೋಡಿದರು.

"ಇರ್ಲಿ ಬಿಡ್ರಿ ಟೀಚರ. ಮುಂದ ನೋಡೂಣು" ಎಂದು ಹೋದರು.

ಆ ಸಂಜೆ ನಾನು ಗಿಟಾರು ತೆಗೆಯಲಿಲ್ಲ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು, ದಿಂಬು ಒದ್ದೆಯಾಗಿತ್ತು. ಅವರ ಒದ್ದೆ ದಿಂಬು ನೋಡಿದರೂ ನನ್ನ ಮನಸ್ಸು ಕರಗಲಿಲ್ಲ. ಹೋದರೆ ಈ ಕೋಣೆಯಿಂದ ನಾವಿಬ್ಬರೂ ಒಟ್ಟಿಗೇ ಹೊರಗೆ ಹೋಗುವುದು, ಇಲ್ಲವಾದರೆ ಇಬ್ಬರೂ ಇಲ್ಲೇ ಅನಿಸಿತು.

ಒಂದೆರಡು ದಿನ ಕಳೆದ ಮೇಲೆ ಬಟ್ಟೆ ಹಿಂಡುತ್ತಿದ್ದಾಗ ಥಟ್ಟನೆ ಆ ಅಡುಗೆಮನೆಯ ನೆಲ ಕಣ್ಣೆದುರು ಬಂತು. ಒಳಗೆ ಹೋಗಿ ಕೇಳಿದೆ. "ಅತ್ತಿ, ಆ ದಿನಾ ಭಾಳ ಹೊತ್ತ ಒಬ್ಬರ ಬಿದ್ದಿದ್ರಿ. ಅದ ಅಂಜಿಕಿ ಐತಿ, ಹೌದಿಲ್ರಿ?"

ಅತ್ತೆಯ ಬಾಯಿಗೆ ಆ ಒಂದು ಮಾತೂ ಬರಲಿಲ್ಲ. ನನ್ನ ಮುಂಗೈ ಹಿಡಿದುಕೊಂಡರು.

ಹೋದರೂ ತಿರುಗಿ ಬರುತ್ತೇನೆಂದು ಅತ್ತೆಗೆ ರೂಢಿಯಾಗಲೆಂದು, ಅಂದಿನಿಂದ ಗಿಟಾರನ್ನು ಕೋಣೆಯ ಹೊರಗೆ ಒಯ್ಯತೊಡಗಿದೆ. ಮೊದಲು ಅಡುಗೆಮನೆಯಲ್ಲಿ ನಿಂತು ಬಾರಿಸಿ ಒಳಗೆ ಬಂದೆ. ಆಮೇಲೆ ಹಿತ್ತಲಲ್ಲಿ, ಆಮೇಲೆ ಮಾಳಿಗೆಯ ಮೇಲೆ, ಗೇಟಿನ ಹೊರಗೆ. ಅದರ ದನಿ ಎಲ್ಲಿಯವರೆಗೆ ಹೋಗುತ್ತದೆಂದು ನಾನು ಕಲಿತದ್ದು ಹೀಗೆ. ದಪ್ಪ ತಂತಿಗಳು ಗೋಡೆ ದಾಟುತ್ತವೆ, ಸಣ್ಣವು ಬಾಗಿಲಲ್ಲೇ ನಿಲ್ಲುತ್ತವೆ. ನಿಂತು ಬಾರಿಸುವುದೂ ಆಗಲೇ ರೂಢಿಯಾಯಿತು. ಪ್ರತಿ ಸಲ ತಿರುಗಿ ಬಂದಾಗ ಅತ್ತೆ ನನ್ನ ಮುಖ ನೋಡಿ ಉಸಿರು ಬಿಡುತ್ತಿದ್ದರು. ಓಣಿಯವರು ಏನೆಂದುಕೊಂಡರೋ, ಯಾರೂ ಕೇಳಲಿಲ್ಲ.

ಮಾಸ್ತರರು ಮತ್ತೊಮ್ಮೆ ಕೇಳಿದಾಗ ಯಜಮಾನರು ರಜೆ ಹಾಕಿದರು. "ಫೋನ್ ಚಾಲೂ ಇಟ್ಟ ಬಾರಿಸ ನೀ. ನಾ ಅವ್ವನ ಕಿವಿಗೆ ಹಿಡಿತೇನಿ" ಎಂದರು. ಈ ಸಲ ಅತ್ತೆ ಪಟ್ಟಿಯನ್ನು ಹಿಡಿದರು, ಬಹಳ ಹೊತ್ತು ಹಿಡಿದರು, ಬಿಟ್ಟರು.

ಬಾದಾಮಿಯ ಆ ಅಂಗಳದಲ್ಲಿ ಗಿಟಾರು ನನಗೆ ಮತ್ತೆ ಹೊಸದಾಯಿತು. ಕೋಣೆಯಲ್ಲಿ ಲೋಟ ಅಲುಗಿಸಿದ್ದು ಇಲ್ಲಿ ಬಯಲಿನಲ್ಲಿ ಕರಗಿಹೋಯಿತು. ವಯರು ಸಿಕ್ಕಿಸಿ ಸ್ಪೀಕರಿಗೆ ಕೊಟ್ಟರೆ ಒಡಲೆಲ್ಲ ಗುಂಯ್ ಎಂದು ಊಳಿಟ್ಟಿತು. ಊಟಕ್ಕೆ ಕೂತವರು ತಿರುಗಿ ನೋಡಿದರು. ಸ್ಪೀಕರಿಗೆ ಬೆನ್ನು ಕೊಡದೆ ಓರೆಯಾಗಿ ನಿಂತೆ, ಮಾಸ್ತರರು ಸ್ಪೀಕರಿನ ಗುಂಡಿ ತಿರುಗಿಸಿ ದಪ್ಪ ದನಿಯನ್ನು ತಗ್ಗಿಸಿದರು, ನಾನು ಇನ್ನೂ ಮೆತ್ತಗೆ ಮೀಟಿದೆ. ಆಗ ಅದು ನನ್ನ ಕೈಗೆ ಬಂತು. ಇಷ್ಟು ದೊಡ್ಡ ಜಾಗದಲ್ಲಿ ನಿಂತು ಹಾಡುತ್ತಿದ್ದರೂ ಎರಡೂ ಮೊಣಕೈಗಳನ್ನು ಮೈಗೆ ಒತ್ತಿಕೊಂಡೇ ಇದ್ದೆನೆಂದು ಆಮೇಲೆ ಕೊಳಲಿನ ಹುಡುಗ ಹೇಳಿದ. ಮೊದಲ ಹಾಡು ಮುಗಿದು ಚಪ್ಪಾಳೆ ನಿಂತಾಗ ನನ್ನ ಪಕ್ಕದ ಸ್ಟೂಲಿನ ಮೇಲಿಟ್ಟಿದ್ದ ಫೋನಿನಿಂದ ಸಣ್ಣ ದನಿ ಬಂತು. "ಬ್ಯಾಡ." ಮಾಸ್ತರರು ಗಾಬರಿಯಿಂದ ನನ್ನ ಕಡೆ ನೋಡಿದರು. ಆ ಬ್ಯಾಡ ನನಗೆ ಗೊತ್ತಿತ್ತು. ಇನ್ನೊಂದು ಕಪ್ ಚಹಾ ಬೇಕಾದಾಗ ಅತ್ತೆ ಅನ್ನುತ್ತಿದ್ದುದು ಅದು. ಎರಡನೆಯ ಹಾಡು ಹಿಡಿದೆ.

ಹೀಗೆ ಕೆಲವು ಶನಿವಾರಗಳು ನಡೆದವು. ಚಳಿ ಮುಗಿಯುತ್ತಿದ್ದ ಹೊತ್ತಿಗೆ, ಒಂದು ಬೆಳಿಗ್ಗೆ ಬಿಸಿನೀರು ಹಿಡಿದು ಒಳಗೆ ಹೋದೆ. ಅತ್ತೆ ನಿದ್ದೆಯಲ್ಲೇ ಹೋಗಿದ್ದರು. ನೀರು ಆರುವವರೆಗೂ ಅಲ್ಲೇ ಕೂತಿದ್ದೆ...

ಅತ್ತೆಯ ದಿನಕರ್ಮಗಳೆಲ್ಲ ಮುಗಿದ ಮೇಲೆ ಬಂದ ಮೊದಲ ಶನಿವಾರ ಯಜಮಾನರೂ ನನ್ನ ಜೊತೆ ಹೊರಟರು. ಅವರು ನನ್ನ ಹಾಡು ಎದುರಿಗೆ ಕೂತು ಕೇಳಿರಲೇ ಇಲ್ಲ. ಹೊಸ್ತಿಲು ದಾಟಿ ನಿಂತು, "ಬೀಗಾ ಎಲ್ಲೈತಿ?" ಎಂದರು. ನನಗೂ ಗೊತ್ತಿರಲಿಲ್ಲ. ಕಪಾಟು, ಗೂಡು, ಅಡುಗೆಮನೆಯ ಡಬ್ಬಿಗಳು, ಎಲ್ಲ ಹುಡುಕಿದೆವು. ಸಿಗಲಿಲ್ಲ. ನಾನು ಆ ಮನೆಗೆ ಬಂದ ಮೇಲೆ ಅದಕ್ಕೆ ಹೊರಗಿನಿಂದ ಬೀಗ ಬಿದ್ದದ್ದೇ ಇಲ್ಲ. ಮೊದಲು ಅತ್ತೆ ಇರುತ್ತಿದ್ದರು, ಅವರು ದವಾಖಾನೆಯಲ್ಲಿದ್ದಾಗ ನಾದಿನಿ ಇದ್ದರು. ಆಮೇಲೆ ಇಬ್ಬರೂ ಇದ್ದೆವು. ಯಜಮಾನರು ಹೋಗಿ ಅಂಗಡಿಯಿಂದ ಹೊಸ ಬೀಗ ತರುವವರೆಗೂ ನಾನು ತೆರೆದ ಬಾಗಿಲ ಮುಂದೆ ನಿಂತಿದ್ದೆ.

ಈಗ ಶಾಲೆಯವರು ಮತ್ತೆ ಕರೆದಿದ್ದಾರೆ. ಕೀಲಿ ನನ್ನ ಚೀಲದಲ್ಲೇ ಇರುತ್ತದೆ. ಯಾವಾಗ ಬೇಕಾದರೂ ಹೊರಡಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಆದರೂ ಬೀಗ ಹಾಕಿ ಗೇಟಿನವರೆಗೆ ಬರುವಷ್ಟರಲ್ಲಿ, ಒಳಗೆ ಯಾರನ್ನೋ ಬಿಟ್ಟು ಬೀಗ ಹಾಕಿದೆನೇನೋ ಅನಿಸುತ್ತದೆ. ತಿರುಗಿ ಹೋಗಿ, ಬಾಗಿಲು ತೆರೆದು, ಕೋಣೆಯನ್ನೊಮ್ಮೆ ನೋಡಿ ಬಂದು ಮತ್ತೆ ಬೀಗ ಹಾಕುತ್ತೇನೆ. ಯಜಮಾನರು ಗಾಡಿ ಚಾಲೂ ಮಾಡಿಕೊಂಡು ಕಾಯುತ್ತಾರೆ.