ಕಾಫಿಪುಡಿ ಡಬ್ಬಿಯ ಕೆಂಪು ಕಲ್ಲು

ಈ ಬೆಳಿಗ್ಗೆ ಬಂಗಾರಪೇಟೆಯ ರೈಲು ನಿಲ್ದಾಣದ ಹೊರಗೆ ಪ್ರವಾಸಿಗರಿಗಾಗಿ ಕಾಯುತ್ತಿದ್ದಾಗ, ಅಂಗಿಯ ಜೇಬಿನಲ್ಲಿ ಪೆನ್ನಿಗೆ ಏನೋ ತಗುಲಿ ಸಣ್ಣಗೆ ಸದ್ದಾಯಿತು. ತೆಗೆದು ನೋಡಿದರೆ ತೊಗರಿಕಾಳಿನಷ್ಟು ಗಾತ್ರದ ಕೆಂಪು ಕಲ್ಲು. ಶಾಸ್ತ್ರೀಯವಾಗಿ ಹೇಳುವುದಾದರೆ, ಗಾರ್ನೆಟ್. ಹೀಗೆ ಶಾಸ್ತ್ರೀಯವಾಗಿ ಹೇಳುವ ಚಟವನ್ನು ತಾವು ಮನ್ನಿಸಬೇಕು. ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ತಪ್ಪು ಮಾತಾಡಿದರೆ ಯಾರಾದರೂ ಪದವಿಯನ್ನು ಹಿಂದಕ್ಕೆ ಕೇಳಿಯಾರೆಂಬ ಅಂಜಿಕೆ ಇನ್ನೂ ಹೋಗಿಲ್ಲ.

ಭಾನುವಾರಗಳಂದು, ಕಲ್ಲು ಹುಡುಕುವ ಹವ್ಯಾಸವಿರುವ ನಗರದವರನ್ನು ಬೇತಮಂಗಲದ ದಾರಿಯಲ್ಲಿರುವ ನಮ್ಮ ಹೊಲಕ್ಕೆ ಕರೆದೊಯ್ಯುತ್ತೇನೆ. ನಾವು ರಾಗಿ ಬಿತ್ತುವ ಮುನ್ನ ಶಪಿಸುತ್ತ ಆಯ್ದು ಬದುವಿಗೆ ಎಸೆಯುವ ಕಲ್ಲುಗಳನ್ನು ಅವರು ಟೋಪಿ ಧರಿಸಿ, ಜರಡಿ ಹಿಡಿದು, ಹಿಗ್ಗಿನಿಂದ ಹುಡುಕುತ್ತಾರೆ. ವಾರವಿಡೀ ಆಂಡರ್ಸನ್‌ಪೇಟೆಯ ಶಾಲೆಯಲ್ಲಿ ಪಾಠ ಹೇಳಿ ದಣಿದ ನಾನು, ಬೆಣಚುಕಲ್ಲಿನ ಅದೇ ವಿವರಣೆಯನ್ನು ಮತ್ತೆ ಒಪ್ಪಿಸುತ್ತೇನೆ. ಮೊದಮೊದಲು ಯಾರೂ ಕೆಂಪು ಕಲ್ಲಿಲ್ಲದೆ ಹಿಂದಿರುಗುತ್ತಿರಲಿಲ್ಲ. ಅದು ನನ್ನ ಮಾರ್ಗದರ್ಶನದ ಫಲವೆಂದೇ ತಿಳಿದಿದ್ದೆ.

ಕಳೆದ ವರ್ಷ ಒಂದು ಶನಿವಾರ ಸಂಜೆ, ನನ್ನನ್ನು ಸಾಕಿದ ಸೋದರತ್ತೆ ಕಾಫಿಪುಡಿಯ ಡಬ್ಬಿ ಹಿಡಿದು ಹೊಲದಲ್ಲಿ ಸಾಲು ಹಿಡಿದು ನಡೆಯುತ್ತಿರುವುದನ್ನು ಕಂಡೆ. ಅವರೆ ಬೀಜ ಊರುವಂತೆ, ಬಗ್ಗಿ ಒಂದೊಂದೇ ಕೆಂಪು ಕಲ್ಲನ್ನು ಇಟ್ಟು ಹೆಬ್ಬೆರಳಿನಿಂದ ಮಣ್ಣು ಮುಚ್ಚುತ್ತಿದ್ದರು. ಎಷ್ಟೋ ವರ್ಷ ಕಳೆ ಕೀಳುವಾಗ ಆಯ್ದು ಕೂಡಿಟ್ಟ ಕಲ್ಲುಗಳವು.

“ಅತ್ತೆ, ಇದು ಮೋಸ!” ಎಂದೆ.

“ಯಾವ್ದ್ಲಾ ಮೋಸ? ನಮ್ಮೊಲಕ್ಕೆ ಬಂದೋರು ಬರಿಗೈಯಾಗೆ ಓಗ್ಬೇಕಾ? ಮನೆಗೆ ಬಂದೋರಿಗೆ ಎಲೆ ಅಡಿಕೆನಾದ್ರೂ ಕೊಡಲ್ವಾ?”

“ಕೊಡುವುದಾದರೆ ಕೈಗೆ ಕೊಡಬೇಕು.”

“ಕೈಗೆ ಕೊಟ್ರೆ ಅವ್ರಿಗೆ ಸಿಕ್ಕಂಗಾಯ್ತದೇನ್ಲಾ, ದೊಡ್ಡ ಮೇಷ್ಟ್ರು!”

ಥಟ್ಟನೆ ನನಗೊಂದು ಅನುಮಾನ ಮೂಡಿತು. ಬಾಲ್ಯದಲ್ಲಿ ಅತ್ತೆಯ ಹಿಂದೆ ಹೊಲಕ್ಕೆ ಹೋದಾಗಲೆಲ್ಲ ನನಗೆ ಒಂದಾದರೂ ಕೆಂಪು ಕಲ್ಲು ಸಿಗುತ್ತಿತ್ತು. “ನಮ್ಮುಡುಗನ ಕಣ್ಣು ಚುರುಕು” ಎಂದು ಅವರು ಊರಿಗೆಲ್ಲ ಹೇಳುತ್ತಿದ್ದರು. ಆ ಮಾತನ್ನು ನಂಬಿಯೇ ಕಾಲೇಜಿನ ಅರ್ಜಿಯಲ್ಲಿ ಭೂವಿಜ್ಞಾನವೆಂದು ಬರೆದಿದ್ದೆ.

“ನಂಗೂ ಇಂಗೇ ಇಡ್ತಿದ್ಯಾ ಅತ್ತೆ?” ನನ್ನ ಶುದ್ಧ ಕನ್ನಡ ಆ ಕ್ಷಣ ಕೈಕೊಟ್ಟಿತ್ತು.

“ಇನ್ನೇನ್ ಮತ್ತೆ? ಕಲ್ಲು ಸಿಗ್ದಿದ್ರೆ ಉಣ್ಣಾಕೇ ಬತ್ತಿರ್ಲಿಲ್ಲ ನೀನು!”

ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಡಬ್ಬಿಯನ್ನು ಮುಚ್ಚಿಸಿದೆ. ಅಂದಿನಿಂದ ನಮ್ಮ ಹೊಲ ಪ್ರಾಮಾಣಿಕವಾಯಿತು; ಬಂದವರು ಬರೀ ಬೆಣಚುಕಲ್ಲಿನ ಚೂರು ಹಿಡಿದು ವಾಹನ ಹತ್ತತೊಡಗಿದರು. ನನ್ನ ವಿವರಣೆ ನನಗೇ ಬೇಸರ ತರಿಸುತ್ತಿತ್ತು.

ಈಗ ಮಂಡಿನೋವಿನಿಂದ ಹೊಲಕ್ಕೆ ಇಳಿಯಲಾಗದ ಅತ್ತೆ, ನಿನ್ನೆ ಅಂಗಿ ಮಡಿಸುವಾಗ ಈ ಕಲ್ಲನ್ನು ಜೇಬಿಗೆ ಹಾಕಿರಬೇಕು.

ಇಂದು ಬಂದವರಲ್ಲಿ ನಿವೃತ್ತ ಅಂಚೆ ನೌಕರರೊಬ್ಬರಿದ್ದರು. ಎರಡು ಗಂಟೆ ಮೊಣಕಾಲೂರಿ ಜರಡಿಯಾಡಿಸಿ, ಕೊನೆಗೆ, “ಬಿಡಿ ಸಾರ್, ನನ್ನ ಕಣ್ಣಿಗೆ ವಯಸ್ಸಾಯ್ತು” ಎಂದು ಮಣ್ಣು ಕೊಡವಿಕೊಂಡರು. ನಾನು ಶೂ ಲೇಸು ಕಟ್ಟುವ ನೆಪದಲ್ಲಿ ಬಗ್ಗಿದೆ. ಹೆಬ್ಬೆರಳು ತಾನಾಗಿಯೇ ಮಣ್ಣು ಮುಚ್ಚಿತು.

“ಈ ಸಾಲನ್ನು ಇನ್ನೊಮ್ಮೆ ನೋಡಿಬಿಡಿ ಸಾರ್.”

ಸಂಜೆ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕುಳಿತಿದ್ದರು.

“ಸಿಕ್ತೇನ್ಲಾ?”

“ಸಿಕ್ತು ಅತ್ತೆ. ಒಬ್ರು ಯಜಮಾನ್ರಿಗೆ. ಅವ್ರ ಕಣ್ಣು ಬಲೇ ಚುರುಕು.”